ದೀಪ ಹಚ್ಚುವ ಹೊತ್ತಿನ ಆಮೆನ್

ರಬಕವಿ
೩೦ ಡಿಸೆಂಬರ್ ೧೯೫೦

ಬೀಳಗಿಯಲ್ಲಿ ನನ್ನ ಅಕ್ಕ ಅನಸವ್ವನವರ ಮನೆಯಲ್ಲಿ ಕೂಡಿರುವ ಸಭೆಯ ಹಿರಿಯರಿಗೂ ತಾಯಂದಿರಿಗೂ ಯೋನಾಥಾನ ಜಕ್ಕಪ್ಪನ ವಂದನೆಗಳು.

ನಾನು ಈ ಕೂಟಕ್ಕೆ ಬಂದಿಲ್ಲ. ನನ್ನ ಬದಲು ಈ ಕಾಗದ ಬಂದಿದೆ. ಅಕ್ಕ ಇದನ್ನು ಓದಿ ಹೇಳಲಿ.

ಮೊದಲು ನನ್ನ ಕೃತಜ್ಞತೆ. ಕ್ರಿಸ್‌ಮಸ್ ಕಳೆದ ವಾರದಲ್ಲಿ ಕೈಯ ಕೆಲಸ ಬಿಟ್ಟು, ಕೆಲವರು ಮುಧೋಳದಿಂದ ಮೋಟಾರಿನಲ್ಲಿ, ಕೆಲವರು ಅನಗವಾಡಿಯ ಕಡೆಯಿಂದ ಚಕ್ಕಡಿಯಲ್ಲಿ ಬಂದು, ಹನ್ನೊಂದು ವರ್ಷದ ಒಂದು ಹುಡುಗಿಯ ಸ್ಮರಣೆಗಾಗಿ ಕೂಡಿದ್ದೀರಿ. ಅವಳು ನನ್ನ ಒಬ್ಬಳೇ ಮಗಳು ಸುವಾರ್ತಾ. ತಾಯಿಯನ್ನು ಹೆರಿಗೆಯಲ್ಲೇ ಕಳೆದುಕೊಂಡು ನನ್ನ ಕೈಯಲ್ಲಿ ಬೆಳೆದವಳು. ನೀವು ಅವಳ ಹೆಸರಿನಲ್ಲಿ ಕೂಡಿದಿರಿ, ಇದಕ್ಕಾಗಿ ನಾನು ನಿಮಗೆ ಋಣಿ.

ಕೃತಜ್ಞತೆ ಇಲ್ಲಿಗೆ ಮುಗಿಯಿತು. ನಿಮ್ಮ ಸಹಾನುಭೂತಿಯನ್ನು ನಾನು ಸ್ವೀಕರಿಸುವುದಿಲ್ಲ. ಸೊಕ್ಕಿನಿಂದ ಹೀಗೆ ಹೇಳುತ್ತಿಲ್ಲ, ಕಾರಣ ಕೊಡುತ್ತೇನೆ.

ಸಾಂಗಲಿಯ ಕಾಲೇಜಿನಲ್ಲಿ ನಾನು ಚರ್ಚಾಕೂಟದ ವಾದಿಯಾಗಿದ್ದೆ. ಠರಾವು ಮಂಡಿಸಿದವನೇ ಅದನ್ನು ಅನುಮೋದಿಸುವಂತಿಲ್ಲ, ಇನ್ನೊಬ್ಬರು ಅನುಮೋದಿಸುವ ತನಕ ಸಭಾಪತಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಅದೇ ನಿಯಮವನ್ನು ನಾನು ನನ್ನ ಮನೆಯ ಪ್ರಾರ್ಥನೆಗೂ ತಂದೆ. ದೀಪ ಹಚ್ಚುವ ಹೊತ್ತಿಗೆ ನಾನು ಪ್ರಾರ್ಥಿಸುತ್ತಿದ್ದೆ; ಆಮೆನ್ ಮಾತ್ರ ಸುವಾರ್ತಾ ಹೇಳಬೇಕು. ಅವಳಿಗೆ ಮಾತು ಬಂದಾಗಿನಿಂದ ನನ್ನ ಒಂದು ಪ್ರಾರ್ಥನೆಗೂ ನಾನೇ ಆಮೆನ್ ಹೇಳಿಕೊಂಡಿಲ್ಲ.

ಕೊನೆಯ ಸಂಜೆ ಅವಳನ್ನು ನನಗೆ ಉಳಿಸಿಕೊಡು ಎಂದು ದೇವರನ್ನು ಕೇಳಿದೆ. ನನ್ನ ಬದುಕಿನಲ್ಲಿ ಅಷ್ಟು ಬಲವಾದ ವಾದವನ್ನು ನಾನು ಎಂದೂ ಕಟ್ಟಿರಲಿಲ್ಲ. ಆದರೆ ಗಂಟಲಮಾರಿ ಅವಳ ಧ್ವನಿಯನ್ನು ಕಿತ್ತುಕೊಂಡಿತ್ತು. ಅವಳು ಆಮೆನ್ ಅನ್ನಲಾರದೆ ಹೋದಳು. ಬೆಳಗಾಗುವುದರೊಳಗೆ ಉಸಿರೂ ನಿಂತಿತು.

ಹೀಗಿರುವಾಗ, "ದೇವರು ಇಲ್ಲ ಅಂದ, ಒಪ್ಪಿಕೋ" ಎಂದು ನೀವು ನನಗೆ ಹೇಳುವುದು ಸರಿಯಲ್ಲ. ದೇವರು ಇಲ್ಲ ಅಂದಿಲ್ಲ. ಆತನ ಮುಂದೆ ನನ್ನ ಬಿನ್ನಹ ಇನ್ನೂ ಅನುಮೋದನೆಯಿಲ್ಲದೆ ನಿಂತಿದೆ. ಮುಗಿಯದ ವಿಷಯಕ್ಕೆ ಸಂತಾಪ ಸೂಚಿಸುವ ಪದ್ಧತಿ ಯಾವ ಸಭೆಯಲ್ಲೂ ಇಲ್ಲ.

ಮಣ್ಣು ಕೊಟ್ಟ ದಿನ ಒಬ್ಬ ತಾಯಿ, ದೇವರು ತನಗೆ ಬೇಕಾದ ಹೂವನ್ನು ಕಿತ್ತುಕೊಳ್ಳುತ್ತಾನೆ ಎಂದರು. ಅವರ ತೋಟದ ಹೂವು ಇನ್ನೂ ಗಿಡದಲ್ಲೇ ಇದೆ. ಅವರ ಸಮಾಧಾನದ ಮಾತನ್ನು ನಾನು ಅವರಿಗೇ ಹಿಂದಿರುಗಿಸುತ್ತೇನೆ.

ಯೋನಾಥಾನ ಜಕ್ಕಪ್ಪ

●

ಬೀಳಗಿ
೪ ಜನವರಿ ೧೯೫೧

ತಮ್ಮ ಯೋನಪ್ಪಗ ಅಕ್ಕ ಅನಸವ್ವ ಮಾಡೂ ಆಶೀರ್ವಾದ.

ನಿನ್ನ ಕಾಗದ ಕೂಡಿದ ಮಂದಿ ಮುಂದ ಓದಿದ್ನಿ. ಎಲ್ಲಾ ಓದಲಿಲ್ಲ. "ನಿಮಗೆ ಋಣಿ" ಅನ್ನೂತನಕ ಓದಿ, ಮಡಚಿ ಸೆರಗಿನ್ಯಾಗ ಕಟಗೊಂಡ್ನಿ. ಮಂದಿ ಕಣ್ಣ ಒರಸ್ಕೊಂಡು, "ಮಾಸ್ತರಂದು ಎಂಥಾ ದೊಡ್ಡ ಮನಸು" ಅಂದ್ರು. ಉಳದದ್ದು ಓದಿದ್ರ ಚಾ ಸೈತ ಕುಡೀದನ ಎದ್ದ ಹೋಗತಿದ್ರು. ಸಕ್ರಿ ಸಿಗಲಾರದ ದಿನದಾಗ ಎಲ್ಲೆಲ್ಲೋ ಬೇಡಿ ತಂದಿದ್ನೆಪಾ ನಾ.

ನಾ ದವಾಖಾನ್ಯಾಗ ಹುಣ್ಣಿಗೆ ಪಟ್ಟಿ ಕಟ್ಟೂ ಹೆಣ್ಮಗಳು. ಮಾತಾಡಿದಂಗ ಬರೀತೇನಿ, ನಗಬ್ಯಾಡ. ಮತ್ತ ಒಡಹುಟ್ಟಿದ ಅಕ್ಕಗ "ಅನಸವ್ವನವರು" ಅಂತ ಬರೀತೀಯಲ್ಲ, ನಾ ಏನ್ ಮಾಮಲೇದಾರನ ಹೇಂತಿಯೇನೋ?

ಆ ಹೂವಿನ ಮಾತ ಆಡಿದಾಕಿ ಲಗಮವ್ವ. ಬಾಯಿ ದೊಡ್ಡದು, ಮನಸು ಕೆಟ್ಟದಲ್ಲ. ಆಕಿ ಕೂಟಕ್ಕ ಎಲ್ಲಾರಕಿಂತ ಮೊದಲ ಬಂದು ಕಸಾ ಹೊಡದ್ಲು.

ಪ್ರಾರ್ಥನಾ ಅಪೂರ್ಣ ಐತಿ ಅಂತ ಬರದೀದಿ. ಯೋನಪ್ಪಾ, ಆ ಸಂಜೀಕ ನಾನೂ ಕೂಸಿನ ತೆಲಿ ಹತ್ರನ ಕುಂತಿದ್ನಿ. ಅದರ ಸುದ್ದಿ ಈಗ ಬ್ಯಾಡ. ನೀ ಸಾಲಿಗೆ ರಜಾ ಹಾಕಿ ಇಲ್ಲಿಗೆ ಬಾ. ಖಾಲಿ ಮನ್ಯಾಗ ಒಬ್ಬಾಂವನ ಕುಂತು ದೇವರ ಮ್ಯಾಲ ದಾವಾ ಹೂಡಬ್ಯಾಡ.

ನಿನ್ನ ಅಕ್ಕ

●

ರಬಕವಿ
೯ ಜನವರಿ ೧೯೫೧

ಅಕ್ಕನಿಗೆ ವಂದನೆಗಳು.

ನಿನ್ನ ಇಚ್ಛೆಯಂತೆ "ನೀನು" ಎಂದೇ ಬರೆಯುತ್ತೇನೆ. ಕಾಗದವನ್ನು ಮಡಚಿದ್ದಕ್ಕೆ ಮಾತ್ರ ಕ್ಷಮೆಯಿಲ್ಲ.

ನಾನು ಈಗ ಬೀಳಗಿಗೆ ಬರುವುದು ಸಾಧ್ಯವಿಲ್ಲ. ಅದರ ಕಾರಣವನ್ನು ನಿನಗೆ ಮಾತ್ರ ಹೇಳುತ್ತೇನೆ, ಪಾದ್ರಿಗಳಿಗೆ ತಿಳಿಸಬೇಡ.

ನಮ್ಮ ಓಣಿಯ ಸದ್ದು ನಿನಗೆ ಗೊತ್ತಿದೆ. ಮದುವೆಯ ದಿನಗಳು ಹತ್ತಿರವಾದ್ದರಿಂದ ಸೀರೆಗೆ ಬೇಡಿಕೆ ಹೆಚ್ಚಿ, ಸಂಜೆಯಾದರೂ ಕಂದೀಲು ತೂಗುಹಾಕಿಕೊಂಡು ನೇಯುತ್ತಾರೆ. ಎಡಗೋಡೆಯ ಆಚೆ ಮಗ್ಗ, ಬಲಗೋಡೆಯ ಆಚೆ ಮಗ್ಗ. ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಆ ಸದ್ದಿನ ನಡುವೆಯೇ ಪ್ರತಿ ಸಂಜೆ ನಾನು ಪ್ರಾರ್ಥಿಸಿ, ಆಮೆನ್‌ಗಾಗಿ ಕಾದು, ಅದು ಬಾರದೆ ಎದ್ದಿದ್ದೇನೆ. ಆದರೆ ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಆ ದಿನ ಊರಿಗೆ ಊರೇ ಉಸಿರು ಹಿಡಿದಂತೆ ಇರುತ್ತದೆ.

ಮೊನ್ನೆ ರವಿವಾರ ಅಮಾವಾಸ್ಯೆಯಿತ್ತು. ದೀಪ ಹಚ್ಚಿ, ಪಡಸಾಲೆಯಲ್ಲಿ ನಿಂತು, ಈ ಮನೆಯಲ್ಲಿ ಬದುಕುವ ಬಲ ಕೊಡು ಎಂದಷ್ಟೇ ಕೇಳಿದೆ. ರೂಢಿಯಂತೆ ಕಾದೆ. ಅವಳು ಕೂಡುತ್ತಿದ್ದ ಗೋಡೆಯ ಮೂಲೆಯಿಂದ, ನೆಲದಿಂದ ಒಂದು ಮಗು ಕೂತಷ್ಟು ಎತ್ತರದಲ್ಲಿ, "ಆಮೆನ್" ಎಂದು ಕೇಳಿತು.

ನನಗೆ ಭ್ರಮೆಯೆಂದು ನೀನು ಹೇಳುವೆ. ಭ್ರಮೆಯಾಗಿದ್ದರೆ ನಾನು ಕೇಳಿ ಕೇಳಿ ಬಲ್ಲ ಧ್ವನಿಯೇ ಬರಬೇಕಿತ್ತು. ಸುವಾರ್ತಾ ಆಮೆನ್ ಅನ್ನುತ್ತಿದ್ದ ರೀತಿ ನೆನಪಿದೆಯಷ್ಟೆ? ಊಟದ ಆತುರಕ್ಕೆ, ನನ್ನ ಕೊನೆಯ ವಾಕ್ಯ ಮುಗಿಯುವ ಮೊದಲೇ, ಅರ್ಧ ನುಂಗಿ ಅನ್ನುತ್ತಿದ್ದಳು. ಎಷ್ಟು ತಿದ್ದಿದರೂ ಸರಿಹೋಗಿರಲಿಲ್ಲ. ಮೊನ್ನೆಯದು ಹಾಗಿರಲಿಲ್ಲ. ನನ್ನ ಮಾತು ಪೂರ್ತಿ ಮುಗಿದ ಮೇಲೆ, ತಕ್ಕಷ್ಟು ತಡೆದು, ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ಉಚ್ಚರಿಸಿತು. ಧ್ವನಿ ಅವಳದೇ, ಸಂದೇಹವಿಲ್ಲ. ಆದರೆ ಅವಳು ಕಲಿತಿದ್ದಾಳೆ, ಅಕ್ಕಾ. ನಾನು ಬಯಸಿದ ಹಾಗೆಯೇ ಕಲಿತಿದ್ದಾಳೆ.

ಯೋನಾಥಾನ

●

ಬೀಳಗಿ
೧೬ ಜನವರಿ ೧೯೫೧

ತಮ್ಮಾ,

ನಿನ್ನ ಕಾಗದ ಓದಿ ನನಗ ಎರಡ ದಿನ ರೊಟ್ಟಿ ರುಚಿಸಲಿಲ್ಲ. ಆಮ್ಯಾಲ ಕುಂತು ವಿಚಾರ ಮಾಡಿದ್ನಿ. ಆಮೆನ್ ಅಂದದ್ದು ನಿನ್ನ ಬಾಜೂ ಮನಿ ಶಂಕ್ರೆವ್ವ. ಆ ಮುದುಕಿಗೆ ನಮ್ಮ ಕೂಸ ಅಂದ್ರ ಜೀವ. ಮಗ್ಗದ ಕುಣ್ಯಾಗ ಕಾಲ ಇಳಿಬಿಟಗೊಂಡು ಹನ್ನೊಂದ ವರ್ಷ ನಿನ್ನ ಪ್ರಾರ್ಥನಾ ಕೇಳ್ಯಾಳ. ಪಾಪ ಮಾಸ್ತರ ಕಾಯಾಕತ್ತಾನ ಅಂತ ಗ್ವಾಡಿ ಆಚಿಂದ ಅಂದಿರಬೇಕು. ಹೋಗಿ ಕೇಳು. ಕೇಳಿ, ನಕ್ಕು, ಆಕಿ ಕೈಯಾಗಿಂದು ಒಂದ ತುತ್ತ ಉಂಡು ಬಾ.

ಇಲ್ಲಾ ಅಂದ್ರ ಮನಿ ಕೀಲಿ ಹಾಕಿ ಮೋಟಾರ ಹತ್ತು. ಲೋಕಾಪುರಕ್ಕ ನಾ ಬಂದು ನಿಂದರತೇನಿ.

ಒಂದ ಕೇಳ್ತೇನಿ, ಸಿಟ್ಟ ಆಗಬ್ಯಾಡ. ಕೂಸು ತಿದ್ದಿಕೊಂಡೈತಿ ಅಂತ ಖುಷಿಲೆ ಬರದೀದಿ. ಆ ಅರ್ಧಾ ನುಂಗಿದ ಆಮೆನ್ ನಿನಗ ಬ್ಯಾಡಾಗಿತ್ತೇನು? ನನಗಂತೂ ಅದ ಬೇಕೋ ಯೋನಪ್ಪಾ.

ಅನಸವ್ವ

●

ರಬಕವಿ
೧೦ ಫೆಬ್ರುವರಿ ೧೯೫೧

ಅಕ್ಕಾ,

ಉತ್ತರ ತಡವಾಯಿತು. ಇನ್ನೊಂದು ಅಮಾವಾಸ್ಯೆಯನ್ನು ನೋಡಿಯೇ ಬರೆಯಬೇಕೆಂದಿದ್ದೆ.

ನೀನು ಹೇಳಿದಂತೆ ಶಂಕ್ರೆವ್ವನನ್ನು ಕೇಳಿದೆ. ಅವಳು ಅಂಗಳದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

"ಶಂಕ್ರೆವ್ವಾ, ಸಂಜೀಕ ನನ್ನ ಪ್ರಾರ್ಥನಾ ಮುಗದ ಮ್ಯಾಲ ನೀ ಏನರ ಅಂತೀಯೇನು?"

"ಅಯ್ಯ ಮಾಸ್ತರ್ರ, ನಿಮ್ಮ ಪ್ರಾರ್ಥನಾ ಮುಗಿಯೂದರಾಗ ನಾ ರೊಟ್ಟಿ ಉಂಡು, ಭಾಂಡೆ ತಿಕ್ಕಿ, ಒಂದ ಗಳಿಗಿ ತೂಕಡಿಸಿ ಎದ್ದಿರತೇನ್ರಿ. ನಾ ಏನ್ ಅನ್ನಲಿ? ನಮ್ಮ ಶಿವಾ ಅಂತೂ ಇಷ್ಟ ಮಾತಿಗೆ ಕಿವಿ ಕೊಡಾಂವಲ್ಲ ಬಿಡ್ರಿ."

ಅವಳ ಗಂಡ ಗಿರಮಲ್ಲಪ್ಪ ಒಳಗಿನಿಂದ ನಕ್ಕನು. ಅವಳು ನಗಲಿಲ್ಲ. ನೂಲು ಸುತ್ತುವುದನ್ನು ನಿಲ್ಲಿಸಿ, ಧ್ವನಿ ತಗ್ಗಿಸಿ, "ಆದ್ರ ಕೇಳಿಸೇತ್ರಿ. ಹೋದ ಅಮಾಸಿಗೆ ಕೇಳೇನಿ" ಎಂದಳು.

"ಹಂಗಾದ್ರ ನಿನಗೂ ಕೇಳೇತಿ. ನಮ್ಮ ಸುವಾರ್ತಾನ ದನಿ."

"ಅಲ್ಲರಿ. ಆ ಕೂಸ ನಮ್ಮ ಮನ್ಯಾಗ ಬೆಳದಂತಾದ್ದು. ಅದರ ದನಿ ನನಗ ಗೊತ್ತಿಲ್ಲೇನ್ರಿ? ಅದು ಕೂಸಲ್ಲ. ಕೂಸಿನಂಗ ಅನ್ನತೈತಿ."

ಮಗ್ಗದ ಸದ್ದಿನಲ್ಲಿ ಅರ್ಧ ಆಯುಷ್ಯ ಕಳೆದ ಕಿವಿ ಅದು. ಅದರ ಸಾಕ್ಷಿಯಲ್ಲಿ ಕೇಳಿಸಿತು ಎಂಬಷ್ಟನ್ನು ನಾನು ಒಪ್ಪುತ್ತೇನೆ, ಮಿಕ್ಕದ್ದನ್ನು ಬಿಡುತ್ತೇನೆ. ಅಲ್ಲಿಂದೀಚೆಗೆ ಅವಳು ನಮ್ಮಿಬ್ಬರ ನಡುವಿನ ಗೋಡೆಯ ಗೂಡಿನಲ್ಲಿ ಬೇವಿನ ಟೊಂಗೆ ಇಟ್ಟಿದ್ದಾಳೆ. ಇಟ್ಟುಕೊಳ್ಳಲಿ.

ಮಂಗಳವಾರ ಮತ್ತೆ ಅಮಾವಾಸ್ಯೆ ಬಂತು. ಗಂಡಹೆಂಡಿರಿಬ್ಬರೂ ಮಗಳ ಮನೆಗೆಂದು ಬನಹಟ್ಟಿಗೆ ಹೋಗಿದ್ದರು. ಬಾಗಿಲಿಗೆ ಕೀಲಿ ಇತ್ತು, ನಾನೇ ಜಗ್ಗಿ ನೋಡಿದೆ. ಈ ಸಲ ನಾನು ಒಂದೇ ಬಿನ್ನಹಕ್ಕೆ ನಿಲ್ಲಲಿಲ್ಲ. ಶಾಲೆಯ ಮಕ್ಕಳ ಮೇಲೆ ರೇಗದಂತೆ ತಾಳ್ಮೆ ಕೊಡು ಎಂದೆ. ಆಮೆನ್ ಬಂತು. ಅವಳ ಸಮಾಧಿಯ ಕಲ್ಲು ಮಳೆಗಾಲದ ಮೊದಲು ನಿಲ್ಲಲಿ ಎಂದೆ. ಆಮೆನ್ ಬಂತು.

ಆಮೇಲೆ, ಮರೆಮಾಚದೆ ಬರೆಯುತ್ತೇನೆ, ಲಗಮವ್ವನ ಹೂವಿನ ಮಾತು ನೆನಪಾಯಿತು. ಕರ್ತನೇ, ಆ ಬಾಯಿಗೂ ತನ್ನ ಮಾತಿನ ಅರ್ಥ ತಿಳಿಯುವಂತೆ ಮಾಡು, ಅವಳ ಗಿಡದ ಹೂವನ್ನೂ ಕಿತ್ತುಕೋ ಎಂದೆ. ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಆಮೆನ್ ಬಂತು. ಮೊದಲಿನ ಎರಡಕ್ಕಿಂತ ಗಟ್ಟಿಯಾಗಿ ಬಂತು.

ಇದರಿಂದ ನಾನು ತಿಳಿಯುವುದು ಇಷ್ಟು: ತಂದೆಗಾದ ಅಪಮಾನವನ್ನು ಮಗಳು ಬಲ್ಲಳು. ಹದಿನೈದು ವರ್ಷ ದೇವರನ್ನು ವೇದಾಂತದಂತೆ ಬಲ್ಲ ನಾನು ಈಗ ಆತನನ್ನು ಪಕ್ಕದ ಕೋಣೆಯಲ್ಲಿರುವವನಂತೆ ಬಲ್ಲೆ. ಆತನಿಗೂ ನನಗೂ ನಡುವೆ ನನ್ನ ಮಗಳು ಕೂತಿದ್ದಾಳೆ. ಪಾದ್ರಿಗಳು ಬೋಧಿಸುವ ದೇವರೊಡನೆಯ ಆಪ್ತತೆ ಇದಲ್ಲದಿದ್ದರೆ ಇನ್ನಾವುದು?

ಯೋನಾಥಾನ

●

ಬೀಳಗಿ
೧೭ ಫೆಬ್ರುವರಿ ೧೯೫೧

ಲೇ ಯೋನಪ್ಪಾ,

ನಿನ್ನ ಕಾಗದ ಬರೂಕಿಂತ ಮೊದಲ ಲಗಮವ್ವನ ಮಗಳಿಗೆ ಜ್ವರಾ ಬಂದಾವ. ಗಂಟಲ ನೋವು ಅಂತೈತಿ ಹುಡುಗಿ. ನಾನ ಹೋಗಿ ದಿನಾ ಗಂಟಲಕ್ಕ ಔಷಧ ಹಚ್ಚಾಕತ್ತೇನಿ. ನಿನ್ನ ಕಾಗದ ಸೆರಗಿನ್ಯಾಗ ಕಟಗೊಂಡು ಆ ಕೂಸಿನ ಬಾಯಿ ತಗಸೂದು ನನಗ ಎಷ್ಟ ಕಠಿಣ ಅನ್ನೂದು ನಿನ್ನ ವಾದದಾಗ ಬರೂದಿಲ್ಲ.

ಆ ಹುಡುಗಿ ಯಾರು ಗೊತ್ತೈತೇನು? ಸುವಾರ್ತಾ ಸೂಟಿಗೆ ಇಲ್ಲಿಗೆ ಬಂದಾಗೆಲ್ಲಾ ಅದರ ಜೋಡಿನ ಕುಂಟಾಬಿಲ್ಲಿ ಆಡತಿತ್ತು. ಸೋತ್ರ ಸುವಾರ್ತಾ ತನ್ನ ಕೈಬಳಿ ಬಿಚ್ಚಿ ಕೊಡತಿತ್ತು, ಗೆದ್ರೂ ಕೊಡತಿತ್ತು. ನಮ್ಮ ಕೂಸು ಯಾರಿಗರ ಕೇಡ ಬಯಸಿದ್ದು ನೀ ಎಂದರ ನೋಡೀಯೇನು? ಸತ್ತ ಎರಡ ತಿಂಗಳದಾಗ ಅಷ್ಟ ಕಲತ ಬಿಟ್ಟಿತೇನು?

ನೀ ಕೇಳಿದ್ದಕ್ಕೆಲ್ಲಾ ಹೂಂ ಅನ್ನೂ ದೇವರು ಬೇಕು ನಿನಗ. ಕರ್ತಾ ಶಿಲುಬಿಗೆ ಹೋಗೂ ಹಿಂದಿನ ರಾತ್ರಿ ತೋಟದಾಗ ಬೆವರ ಸುರಿಸಿ ಬೇಡಿದಾಗ ಮ್ಯಾಲಿಂದ ಯಾರರ ಹೂಂ ಅಂದ್ರೇನು? ಯಾರೂ ಅನ್ನಲಿಲ್ಲ. ಮತ್ತ ಅಂವಾ ಎದ್ದ ಹ್ವಾದ.

ಪಾದ್ರಿಗಳಿಗೆ ನಾ ಹೇಳೇನಿ. ಬೈ, ಬೇಕಾದ್ದ ಅನ್ನು. ಅವರು ಹಿರ್ಯಾರನ ಕರಕೊಂಡು ನಿನ್ನ ಮನಿಗೆ ಬರತಾರ, ಪ್ರಾರ್ಥನಾ ಮಾಡಿ ನಿನ್ನ ಇಲ್ಲಿಗೆ ಕರಕೊಂಡ ಬರತಾರ. ಅಲ್ಲೀತನಕ ಆ ಪಡಸಾಲ್ಯಾಗ ಬಾಯಿ ತಗೀಬ್ಯಾಡ.

ಅನಸವ್ವ

●

ರಬಕವಿ
೧ ಮಾರ್ಚ್ ೧೯೫೧

ಅಕ್ಕಾ,

ಗುಟ್ಟಾಗಿ ಹೇಳಿದ್ದನ್ನು ನೀನು ಸಭೆಯ ಮುಂದೆ ಇಟ್ಟೆ. ಒಳ್ಳೆಯದು. ಹಿರಿಯರು ಬರುವುದರೊಳಗೆ ನನ್ನ ಕೆಲಸ ಮುಗಿದಿರುತ್ತದೆ.

ಲಗಮವ್ವನ ಮಗಳ ಸುದ್ದಿ ಓದಿದೆ.

ಶಾಲೆಗೆ ರಜೆ ಹಾಕಿದ್ದೇನೆ. ಓಣಿಯಲ್ಲಿ ಮಗ್ಗಗಳು ಬಡಿಯುತ್ತಲೇ ಇವೆ. ಆ ಸದ್ದು ನಿಲ್ಲುವ ಸಂಜೆಗಾಗಿಯೇ ನಾನು ಈಗ ಬದುಕಿದ್ದೇನೆ ಎಂದರೆ ಅತಿಶಯೋಕ್ತಿಯಲ್ಲ. ಬರುವ ಬುಧವಾರ, ಶಿವರಾತ್ರಿಯ ಮಾರನೆಯ ದಿನ, ಅಮಾವಾಸ್ಯೆ. ಆ ಸಂಜೆ ನಾನು ಒಂದೇ ಮಾತು ಕೇಳುವವನಿದ್ದೇನೆ. ಸುವಾರ್ತಾ ಇಲ್ಲಿಗೆ ಮರಳಿ ಬರುವುದು ದೇವರಿಗೆ ಒಪ್ಪಿಗೆಯಿಲ್ಲದಿದ್ದರೆ, ನನ್ನನ್ನು ಅವಳಿದ್ದಲ್ಲಿಗೆ ಒಯ್ಯಲಿ. ನನ್ನ ಮಗಳು ಇದಕ್ಕೆ ಆಮೆನ್ ಅಂದರೆ ಅದನ್ನು ದೇವರ ತೀರ್ಪೆಂದು ತಿಳಿದು, ಊಟ ನೀರು ಬಿಟ್ಟು, ಬಾಗಿಲು ಹಾಕಿಕೊಂಡು ಅವಳ ಮೂಲೆಯಲ್ಲಿ ಕಾಯುತ್ತೇನೆ.

ನನ್ನ ಮೇಲೆ ನಾನು ಕೈ ಮಾಡಿಕೊಳ್ಳುವವನಲ್ಲ. ಬಿನ್ನಹ ಮಾತ್ರ ನನ್ನದು. ಆದ್ದರಿಂದ ಇದನ್ನು ಪಾಪವೆಂದು ವಾದಿಸಲು ನಿನಗೆ ಆಧಾರವಿಲ್ಲ.

ಅವಳು ಆಮೆನ್ ಅನ್ನುವಳೆಂದು ನನಗೆ ಗೊತ್ತು. ಅವಳು ನನ್ನ ಯಾವ ಮಾತನ್ನೂ ತೆಗೆದುಹಾಕಿಲ್ಲ.

ಯೋನಾಥಾನ

●

ಬೀಳಗಿ
೬ ಮಾರ್ಚ್ ೧೯೫೧

ಯೋನಪ್ಪಾ,

ಟಪಾಲಿಗೆ ಹಾಕಿದ್ರ ಮುಟ್ಟತೈತೋ ಇಲ್ಲೋ ಅಂತ ಇದನ್ನ ಜಮಖಂಡಿ ಮೋಟಾರಿನ ಕಂಡಕ್ಟರನ ಕೈಯಾಗ ಕೊಟ್ಟು, "ಮಾಸ್ತರನ ಕೈಯಾಗನ ಕೊಡಪಾ, ನಿನ್ನ ಮಕ್ಕಳ ಆಣಿ" ಅಂತ ಹೇಳಿ ಕಳಸಾಕತ್ತೇನಿ. ನಾನ ಬರತಿದ್ನಿ. ಹೆರಿಗಿ ಬ್ಯಾನಿ ತಿನ್ನೂ ಹೆಣ್ಮಗಳೊಬ್ಬಾಕಿ ನನ್ನ ಕೈ ಹಿಡಕೊಂಡ ಮಲಗ್ಯಾಳ. ಬಿಟ್ಟ ಬಂದ್ರ ಎರಡ ಜೀವ ಹೋಗತಾವ.

ಒಂದ ಮಾತ ಮುಚ್ಚಿಟ್ಟಿದ್ನಿ. ಕೇಳಿದ್ರ ನಿನ್ನ ಎದಿ ಒಡೀತೈತಿ ಅಂತ ಮುಚ್ಚಿಟ್ಟಿದ್ನಿ. ಈಗ ಅದ ಒಡದರ ನೀ ಉಳೀತಿ ಅಂತ ಹೇಳ್ತೇನಿ.

ಆ ಕಡೀ ಸಂಜೀಕ ನೀ ನಿಂತು ಪ್ರಾರ್ಥನಾ ಮಾಡಿದಿ. ಕೂಸಿನ ತೆಲಿ ನನ್ನ ತೊಡಿ ಮ್ಯಾಲ ಇತ್ತು. ನೀ ಮುಗಿಸಿ ಕಣ್ಣ ಮುಚಗೊಂಡ ಕಾದಿ. ಕೂಸಿಗೆ ದನಿ ಪೂರಾ ಹೋಗಿರಲಿಲ್ಲೋ. ಗೊಗ್ಗರ ಇತ್ತು, ಆದ್ರ ಇತ್ತು. ಅದು ಮಾರಿ ಅತ್ತಿತ್ತ ಹೊಳ್ಳಿಸಿ ಒಲ್ಲೆ ಅಂತು. ನಾ ಬಗ್ಗಿ, "ಅನ್ನವ್ವಾ, ಅಪ್ಪಾಜಿ ಕಾಯಾಕತ್ತಾರ" ಅಂದ್ನಿ. ಆವಾಗ ಕಿವ್ಯಾಗ ಹೇಳ್ತು: "ಅತ್ತೀ, ಅಪ್ಪಾಜಿ ದೇವರ ಕೂಡ ಜಗಳಾ ತಗದಾರ. ನಾ ಅದಕ್ಕ ಆಮೆನ್ ಅನ್ನಂಗಿಲ್ಲ. ದೇವರು ಇಲ್ಲೇ ಕುಂತಾನ, ಅಂವಗ ಕೆಟ್ಟ ಅನಸತೈತಿ."

ನಿನಗ ಅದು ಕೇಳಲಿಲ್ಲ. ರೋಗ ಕೂಸಿನ ಬಾಯಿ ಕಟ್ಟೇತಿ ಅಂದಕೊಂಡಿ. ನಾನೂ ಹಂಗ ಬಿಟ್ನಿ.

ಹುಟ್ಟಿದಾಗಿಂದ ನಿನಗ ಎದುರ ಮಾತಾಡಲಾರದ ಕೂಸು ಅದೊಂದ ಸಲ ಒಲ್ಲೆ ಅಂತು, ತಮ್ಮಾ. ನಿನ್ನ ಮ್ಯಾಲಿನ ಸಿಟ್ಟಿಲೆ ಅಲ್ಲ. ಅದಕ್ಕ ದೇವರ ಗುರ್ತ ಆ ಹೊತ್ತಿಗಾಗ್ಲೆ ಆಗಿತ್ತು.

ಲಗಮವ್ವನ ಮಗಳು ಎದ್ದ ಕುಂತಾಳ. ನಿನ್ನೆ ಗಂಜಿ ಕುಡದು, ಉಪ್ಪ ಕಡಿಮಿ ಆತು ಅಂತ ಅವ್ವನ ಕೂಡ ಜಗಳಾ ಮಾಡಿದ್ಲು.

ಅಕ್ಕ

●

ರಬಕವಿ
೮ ಮಾರ್ಚ್ ೧೯೫೧

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಅಮಾವಾಸ್ಯೆಯ ಮಧ್ಯಾಹ್ನ ಕೈಸೇರಿತು. ಕಂಡಕ್ಟರ್ ನನ್ನ ಮುಖ ನೋಡಿ, ಕೊಡಬೇಕೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದನು. ಓದಿ ನಿನ್ನನ್ನು ಸುಳ್ಳಿಯೆಂದೆ. ನನ್ನನ್ನು ತಡೆಯಲೆಂದೇ ಸತ್ತ ಮಗುವಿನ ಬಾಯಿಗೆ ಮಾತು ಹಾಕಿದ್ದಾಳೆ ಎಂದು ಗಟ್ಟಿಯಾಗಿ, ಖಾಲಿ ಮನೆಯಲ್ಲಿ, ಹೇಳಿಕೊಂಡೆ.

ಆಮೇಲೆ ವಿಚಾರ ಮಾಡಿದೆ. ನೀನು ಬರೆದದ್ದು ಸುಳ್ಳಾಗಿದ್ದರೆ ಅದನ್ನು ತೋರಿಸಿಕೊಡಬಲ್ಲ ಸಾಕ್ಷಿ ನನ್ನ ಪಡಸಾಲೆಯಲ್ಲೇ ಇತ್ತು. ನಿಜವಾಗಿದ್ದರೆ, ಮೂಲೆಯಲ್ಲಿರುವವಳು ಸುವಾರ್ತಾಳೇ ಆದರೆ, ತಾನು ಒಲ್ಲೆ ಅಂದ ಆ ಪ್ರಾರ್ಥನೆಗೆ ಈಗಲೂ ಆಮೆನ್ ಅನ್ನಬಾರದು. ನಾನು ಕೇಳಬೇಕೆಂದಿದ್ದ ಮಾತನ್ನು ಬದಿಗಿಟ್ಟೆ.

ಓಣಿಯಲ್ಲಿ ಒಂದು ಮಗ್ಗವೂ ಆಡುತ್ತಿರಲಿಲ್ಲ. ಶಂಕ್ರೆವ್ವನ ಮನೆಯಲ್ಲಿ ಯಾರೋ ನೀರು ಸುರಿದ ಸದ್ದು ಕೇಳಿ, ಅದೂ ನಿಂತಿತು. ದೀಪ ಹಚ್ಚಿ, ಕೊನೆಯ ಸಂಜೆಯ ಪ್ರಾರ್ಥನೆಯನ್ನೇ ಮತ್ತೆ ಮಾಡಿದೆ. ಮಾತು ಮಾತೂ ಅದೇ, ಮರೆಯುವುದಾದರೂ ಹೇಗೆ? ಅವಳು ನನ್ನವಳು, ನೀನು ನನ್ನಿಂದ ಒಬ್ಬಳನ್ನು ಈಗಾಗಲೇ ಒಯ್ದಿದ್ದೀ, ನ್ಯಾಯವಂತನಾದರೆ ಇವಳನ್ನು ನನಗೆ ಕೊಡು ಎಂದು ಮುಗಿಸಿದೆ. ಮುಗಿಸಿ, ನನ್ನ ಬದುಕಿನಲ್ಲಿ ಮೊದಲ ಸಲ, ಆಮೆನ್ ಬಾರದಿರಲಿ ಎಂದು ಕಾದೆ.

ತಕ್ಕಷ್ಟು ತಡೆದು, ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ಉಚ್ಚರಿಸಿ, ಮೂಲೆಯಿಂದ "ಆಮೆನ್" ಬಂತು. ಅದರಲ್ಲಿ ಸಂತೋಷವಿತ್ತು, ಅಕ್ಕಾ.

ಸಾಯುವ ಹೊತ್ತಿನಲ್ಲಿ, ತಂದೆ ಕಾಯುತ್ತಿರುವಾಗ, ಯಾವ ಮಾತಿಗೆ ನನ್ನ ಮಗಳು ಒಲ್ಲೆ ಎಂದು ತಲೆ ಅಲ್ಲಾಡಿಸಿದಳೋ ಆ ಮಾತಿಗೆ ಇದು ನಲಿದು ಒಪ್ಪಿತು. ಲಗಮವ್ವನ ಮಗುವಿನ ಸಾವಿಗೂ ಇದೇ ನಾಲಿಗೆ ಒಪ್ಪಿತ್ತು. ನನ್ನ ತಿದ್ದುಪಡಿಗಳನ್ನೆಲ್ಲ ಕಲಿತ, ನನ್ನ ಒಂದು ಮಾತನ್ನೂ ತೆಗೆದುಹಾಕದ, ನನ್ನ ಆಸೆಯ ಅಳತೆಗೆ ಸರಿಯಾಗಿ ಹೊಲಿದಂತಿದ್ದ ಈ ಮಗು ನನ್ನದಲ್ಲ. ಶಂಕ್ರೆವ್ವ ಇದನ್ನು ಗೋಡೆಯಾಚೆಯಿಂದ ಬಲ್ಲವಳಾಗಿದ್ದಳು.

ಎರಡನೆಯ ಬಿನ್ನಹವನ್ನು ನಾನು ಇಡಲಿಲ್ಲ. ಆಗ ಅದು ಮೊದಲ ಸಲ ಪೂರಾ ಮಾತಾಡಿತು.

"ಅಪ್ಪಾಜಿ, ಇನ್ನೊಂದ ಕೇಳ್ರಿ. ನೀವು ಕೇಳಬೇಕಂತ ಇದ್ರಲ್ಲ, ಅದನ್ನ ಕೇಳ್ರಿ."

ಆ ಮಾತನ್ನು ನಾನು ನಿನಗಲ್ಲದೆ ಯಾರಿಗೂ ತಿಳಿಸಿರಲಿಲ್ಲ. ಆ ಮನೆಯಲ್ಲಿ ಬಾಯಿಬಿಟ್ಟು ಆಡಿಯೂ ಇರಲಿಲ್ಲ. ನಾನು ತುಟಿ ಕಚ್ಚಿದೆ. ನೆಲದ ಮೇಲೆ ಕೂತೆ. "ಅಪ್ಪಾಜಿ" ಎಂದಿತು ಮತ್ತೆ. ಹಟ ಮಾಡಿದಂತೆ, ಮುನಿದಂತೆ. ಕೊನೆಗೆ ಗಂಟಲು ಕಟ್ಟಿದ, ಗೊಗ್ಗರು ಧ್ವನಿಯಲ್ಲಿ ಕರೆಯಿತು. ಕಾಯಿಲೆಯ ದಿನಗಳ ಆ ಧ್ವನಿಗೆ ನಾನು ನೀರು ಹಿಡಿದು ಎದ್ದು ಹೋಗದ ಗಳಿಗೆಯಿರಲಿಲ್ಲ. ನಿನ್ನೆ ಏಳಲಿಲ್ಲ. ಸೆಟೆದ ಎರಡೂ ಕೈಗಳಿಂದ ನೆಲವನ್ನು ಒತ್ತಿ ಹಿಡಿದು ಕೂತಿದ್ದೆ. ನನ್ನ ಉಗುರಿನಲ್ಲಿ ಈಗಲೂ ಸಾರಣೆಯ ಮಣ್ಣಿದೆ.

ಯಾವಾಗ ನಿಂತಿತೋ ತಿಳಿಯದು. ನಿಂತ ಮೇಲೆ ಪಡಸಾಲೆ ಖಾಲಿಯಾಗಬೇಕಿತ್ತು. ಆಗಲಿಲ್ಲ. ನಾನು ಇದನ್ನು ಎಚ್ಚರದಿಂದ ಬರೆಯುತ್ತೇನೆ, ಏಕೆಂದರೆ ಒಮ್ಮೆ ಮೋಸಹೋದವನ ಮಾತು ಇದು. ಅಲ್ಲಿ ಯಾವ ಧ್ವನಿಯೂ ಬರಲಿಲ್ಲ, ಬೆಳಕೂ ಕಾಣಲಿಲ್ಲ, ಸಮಾಧಾನವೂ ಆಗಲಿಲ್ಲ. ನನ್ನ ವಾದಕ್ಕೆ ಹೂಂ ಅನ್ನದವನೊಬ್ಬನು ಅಲ್ಲಿ ಇದ್ದನು. ಅಷ್ಟೇ. ಆತನು ಬಹಳ ಹೊತ್ತಿನಿಂದ, ಬಹುಶಃ ಬಹಳ ವರ್ಷಗಳಿಂದ, ನಾನು ಮುಗಿಸುವುದನ್ನು ಕಾಯುತ್ತಿದ್ದನು. ನಾನು ಹೆದರಿದೆ; ಆ ಧ್ವನಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿಯೇ ಹೆದರಿದೆ. ಆದರೆ ಎದ್ದು ಹೋಗಲು ಮನಸ್ಸಾಗಲಿಲ್ಲ. ನನ್ನ ಮಗಳು ಯಾರ ಗುರುತು ಹಿಡಿದು ನನಗೆ ಒಲ್ಲೆ ಅಂದಳೋ, ಆತನ ಮುಂದೆ ನಾನು ನಿನ್ನೆ ಮೊದಲ ಬಾರಿಗೆ ಬಾಯಿ ಮುಚ್ಚಿ ಕೂತೆ.

ನನ್ನ ಬಿನ್ನಹಕ್ಕೆ ಉತ್ತರ ಆ ಸಂಜೆಯೇ ಬಂದಿತ್ತು ಎಂಬುದು ಈಗ ನನಗೆ ತಿಳಿದಿದೆ. ಉತ್ತರವನ್ನು ತಂದವಳ ಬಾಯಿಯನ್ನು ರೋಗ ಮುಚ್ಚಿತೆಂದು ನಾನು ಬರೆದುಕೊಂಡೆ. ಅವಳು ಸತ್ತಿದ್ದಾಳೆ. ಈ ವಾಕ್ಯವನ್ನು ಬರೆಯುತ್ತಿರುವುದು ಇದೇ ಮೊದಲು.

ಪಾದ್ರಿಗಳೂ ಹಿರಿಯರೂ ರವಿವಾರ ಬರುವರೆಂದು ಕೇಳಿದೆ. ಬರುವುದು ಬೇಡವೆಂದು ಅವರಿಗೆ ತಿಳಿಸು. ಅವರು ಒಳ್ಳೆಯ ಮನಸ್ಸಿನಿಂದ ಬರುತ್ತಾರೆ, ಒಳ್ಳೆಯ ಮಾತುಗಳನ್ನು ತರುತ್ತಾರೆ. ಈ ಮನೆಯಲ್ಲಿ ಮಾತು ಬೇಕಾದಷ್ಟು ಆಗಿದೆ. ನಾನು ಬೀಳಗಿಗೂ ಬರುವುದಿಲ್ಲ. ಅಮಾವಾಸ್ಯೆಗೆ ಹೆದರಿ ಮನೆ ಬಿಟ್ಟರೆ ಆ ಧ್ವನಿಯನ್ನು ನನ್ನೊಳಗೇ ಹೊತ್ತು ತಂದಂತಾಗುತ್ತದೆ. ಅದು ಎಲ್ಲಿಂದ ಬಂತೆಂದು ನಾನು ಬಲ್ಲೆ.

ಯಾರನ್ನೂ ಕೇಳದೆ, ನಾನೊಬ್ಬನೇ ನಿರ್ಧರಿಸಿದ್ದೇನೆ. ಸೋಮವಾರ ಶಾಲೆಗೆ ಹೋಗುತ್ತೇನೆ. ಪ್ರತಿ ಸಂಜೆ ಬಾಗಿಲು ತೆರೆದಿಟ್ಟು ಆ ಪಡಸಾಲೆಯ ನೆಲದ ಮೇಲೆ ಕೂಡುತ್ತೇನೆ, ಏನನ್ನೂ ಕೇಳುವುದಿಲ್ಲ. ಅಲ್ಲಿರುವಾತನು ಮಾತಾಡಲಿ ಅಥವಾ ಮಾತಾಡದಿರಲಿ, ಆತನ ಜೊತೆ ಇರುತ್ತೇನೆ. ಮುಂದಿನ ಅಮಾವಾಸ್ಯೆಗೆ ಮಗ್ಗಗಳು ನಿಂತಾಗ ಆ ಮೂಲೆಯಿಂದ ನನ್ನ ಮಗಳ ಧ್ವನಿ ನನ್ನನ್ನು ಅಪ್ಪಾಜಿ ಎಂದು ಕರೆಯುತ್ತದೆ. ನಾನು ಓಗೊಡುವುದಿಲ್ಲ.

ಯೋನಾಥಾನ